ಬೈಂಡಿಂಗ್ ಕೋಣೆಯಲ್ಲಿ ಗ್ರೀಕ್ ಮೊಸರು

ಅಷ್ಟು ದೊಡ್ಡ ರಾದ್ಧಾಂತಕ್ಕೆಲ್ಲ ಕಾರಣ ಒಂದು ಮುಚ್ಚಳ. ಅಂದು ಬೆಳಗ್ಗೆ ಅಕ್ಕ ಅಡುಗೆಮನೆಯನ್ನೆಲ್ಲ ಜಾಲಾಡಿದರೂ ಮೊಸರಿನ ಡಬ್ಬಿಯ ಮುಚ್ಚಳ ಸಿಗಲಿಲ್ಲ. ಬೇಸತ್ತು ಒಂದು ಬಿಳಿ ಪಿಂಗಾಣಿ ಬಟ್ಟಲಿಗೆ ಮೊಸರು ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಬಟ್ಟೆಯಲ್ಲಿ ಗಂಟು ಕಟ್ಟಿ ತಮ್ಮನ ಕೈಗಿಟ್ಟಳು. ಆ ಬಟ್ಟಲು ತಮ್ಮ ಹಿಂದೊಮ್ಮೆ ತಾನು ಕೆಲಸ ಮಾಡುವ ಪುಸ್ತಕದ ಬೈಂಡಿಂಗ್ ಕೋಣೆಯಿಂದಲೇ ತಂದದ್ದು. ಅದರ ಜೋಡಿ ಇನ್ನೂ ಅವನ ಕೆಲಸದ ಮೇಜಿನ ಮೇಲೆ ಮೈದಾ ಅಂಟು ತುಂಬಿಕೊಂಡು ಕೂತಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

"ಇದು ಅಂತಿಂಥ ಮೊಸರಲ್ಲ ಕಣೋ, ಗ್ರೀಕ್ ಮೊಸರು. ಬಟ್ಟೇಲಿ ಕಟ್ಟಿ ನೀರೆಲ್ಲ ಇಳಿಸಿದ್ದೀನಿ. ಚಮಚ ನಿಲ್ಸಿದ್ರೆ ಸೆಟೆದು ನಿಲ್ಲುತ್ತೆ. ಪ್ರೋಟೀನ್ ಜಾಸ್ತಿ, ಸಕ್ಕರೆ ಕಮ್ಮಿ. ಮಧ್ಯಾಹ್ನ ತಿಂದ್ಬಿಡು, ತೂಕಡಿಕೆ ನಿನ್ನ ಹತ್ರ ಸುಳಿಯಲ್ಲ. ಇವತ್ತೊಂದು ದಿನ ಕಣ್ಣು ಬಿಟ್ಕೊಂಡಿರು ಮಾರಾಯ!"

ಇವತ್ತೊಂದು ದಿನ ಎಂದು ಅವಳು ಒತ್ತಿ ಹೇಳಿದ್ದಕ್ಕೆ ಕಾರಣವಿತ್ತು. ಬೈಂಡಿಂಗ್ ಕೋಣೆಯ ಹಳೆಯ ಮೇಸ್ತ್ರಿ ನಿವೃತ್ತನಾಗಿದ್ದ. ಕಿಟಕಿ ಪಕ್ಕದ ಅವನ ಕೈಕುರ್ಚಿ ಖಾಲಿ ಬಿದ್ದಿತ್ತು. ಅದರಲ್ಲಿ ಇನ್ನು ಯಾರು ಕೂರಬೇಕೆಂದು ಸಂಜೆ ಹೇಳುವುದಾಗಿ ಯಜಮಾನರು ಸಾರಿದ್ದರು. ಕೋಣೆಯವರೆಲ್ಲ 'ಮೋಡಣ್ಣ' ಎಂದು ಕರೆಯುವ ಈ ತಮ್ಮನಿಗೆ ಮೇಸ್ತ್ರಿಗಿರಿಯ ದೊಡ್ಡಸ್ತಿಕೆಯೇನೂ ಬೇಕಿರಲಿಲ್ಲ. ಬೇಕಿದ್ದದ್ದು ಆ ಕುರ್ಚಿ. ಅದರಲ್ಲಿ ಒರಗಿದರೆ ಎದುರಿನ ಚಾವಣಿಗಳ ಮೇಲೆ ಆಕಾಶ ಇಡಿಯಾಗಿ ಕಾಣುತ್ತದೆ, ಮೋಡಗಳು ಯಾರ ಅಪ್ಪಣೆಯನ್ನೂ ಕೇಳದೆ ತೇಲಿಹೋಗುತ್ತವೆ. ಆ ಕುರ್ಚಿಯನ್ನು ನೆನೆದರೆ ಸಾಕು, ಅವನ ಎದೆ ಹಿಗ್ಗಿ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಆವತ್ತಿನ ಕೆಲಸವೂ ತಮಾಷೆಯದು. ಒಬ್ಬ ಡಾಕ್ಟರಮ್ಮ ಗ್ರೀಕ್ ಮೊಸರಿನ ಗುಣಗಳ ಮೇಲೇ ದಪ್ಪ ಪುಸ್ತಕ ಬರೆದಿದ್ದರು. ಸಂಜೆ ಬಿಡುಗಡೆ. ಹೊಲಿದಿಟ್ಟ ಪುಸ್ತಕಗಳಿಗೆ ಮೋಡಣ್ಣ ಅಂಟು ಹಚ್ಚಿ ರಟ್ಟು ಕೂರಿಸಬೇಕು, ಹಾಳೆ ಕತ್ತರಿಸುವ ಕಟಿಂಗ್ ಮಾವ ಅವನ್ನು ಪ್ರೆಸ್ಸಿನಲ್ಲಿಟ್ಟು ಬಿಗಿಯಬೇಕು. ಹೊಲಿಗೆ ಮುಗಿಸಿದ್ದ ಸೂಜಿಯಮ್ಮ ಎಂದಿನಂತೆ ರದ್ದಿ ಹಾಳೆಯೊಂದನ್ನು ಹರಡಿಕೊಂಡು ಗಟ್ಟಿಯಾಗಿ ಓದತೊಡಗಿದಳು. ಮಡಚುವ ಮುನ್ನ ಆ ದೊಡ್ಡ ಹಾಳೆಗಳಲ್ಲಿ ಪುಟಗಳು ಹಿಂದುಮುಂದಾಗಿರುತ್ತವೆ. ಆ ಕೋಣೆಯ ಜನಕ್ಕೆ ಲೋಕಜ್ಞಾನವೆಲ್ಲ ಒದಗಿಬಂದದ್ದು ಆ ಕ್ರಮದಲ್ಲೇ.

"'ಗ್ರೀಕ್ ಮೊಸರಿನಲ್ಲಿರುವ ಕ್ಯಾಲ್ಸಿಯಂ ಮೂಳೆಗಳನ್ನು ಬಲಪಡಿಸುತ್ತದೆ. ಇಂಥ ಮೂಳೆಗಳನ್ನು...' ಪುಟ ಮುಗೀತು. ಪಕ್ಕದ್ದು... 'ತೆಳ್ಳಗೆ ಹಚ್ಚಿ, ಒಣಗಿದ ಮೇಲೆ ತಣ್ಣೀರಿನಲ್ಲಿ ತೊಳೆಯಿರಿ.'"

"ಮೂಳೆ ಹೊರಗೆ ತೆಗೆದು ತೊಳೀಬೇಕಾ?" ಕಟಿಂಗ್ ಮಾವ ಕೇಳಿದ.

"ಡಾಕ್ಟರಮ್ಮ ಬರೆದಿದ್ದಾರೆ ಅಂದ್ಮೇಲೆ ಸುಳ್ಳಿರುತ್ತಾ? ಮುಂದೆ ಕೇಳಿ. 'ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಹೆಚ್ಚಿ...'"

ಮೋಡಣ್ಣ ಕೇಳುತ್ತಲೇ ಇದ್ದ. ಚಮಚ ನಿಜಕ್ಕೂ ನಿಲ್ಲುತ್ತದೋ ನೋಡೋಣವೆಂದು ಅಕ್ಕನ ಗಂಟು ಬಿಚ್ಚಿ, ಬಟ್ಟಲನ್ನು ಅಂಟಿನ ಬಟ್ಟಲಿನ ಪಕ್ಕದಲ್ಲೇ ಇಟ್ಟಿದ್ದ. ಚಮಚ ನಿಂತಿತು. ಖುಷಿಯಿಂದ ಅದನ್ನು ತೆಗೆದು ಪಕ್ಕಕ್ಕಿಟ್ಟ. ಎಳೆಬಿಸಿಲು ಮೇಜಿನ ಮೇಲೆ ಚೆಲ್ಲಿತ್ತು, ಸೂಜಿಯಮ್ಮನ ಓದು ದೂರದ ಹೊಳೆಯಂತೆ ಗುಂಯ್‌ಗುಡುತ್ತಿತ್ತು. ನೋಡನೋಡುತ್ತ ಅವನೆದುರು ಒಂದು ಬೆಳ್ಳನೆಯ ದೇಶ ತೆರೆದುಕೊಂಡಿತು. ಎಲ್ಲಿ ನೋಡಿದರೂ ಮೊಸರಿನ ಗುಡ್ಡಗಳು. ಒಂದರ ನೆತ್ತಿಯಿಂದ ಮೇಸ್ತ್ರಿಯ ಕುರ್ಚಿ ಅವನನ್ನು ಕೂರಿಸಿಕೊಂಡು ಸದ್ದಿಲ್ಲದೆ ಜಾರುತ್ತಿತ್ತು, ಕೆಳಗೆ ಮುಟ್ಟುವ ಆತುರವೇ ಅದಕ್ಕಿರಲಿಲ್ಲ. ಇತ್ತ ಬ್ರಷ್ ತನ್ನ ಪಾಡಿಗೆ ತಾನು ಅದ್ದುತ್ತಿತ್ತು, ಹಚ್ಚುತ್ತಿತ್ತು. ಯಾವ ಬಟ್ಟಲಿನಲ್ಲಿ ಎಂದು ಬ್ರಷ್ಷಿಗೇನು ಗೊತ್ತು ಪಾಪ.

ಊಟದ ಹೊತ್ತಿಗೆ ಪುಸ್ತಕಗಳೆಲ್ಲ ಪ್ರೆಸ್ಸಿನಲ್ಲಿದ್ದವು. ಮೋಡಣ್ಣ ಭಕ್ತಿಯಿಂದ ಬಟ್ಟಲು ಹತ್ತಿರ ಎಳೆದುಕೊಂಡು ಒಂದು ಚಮಚ ಬಾಯಿಗಿಟ್ಟ. ಹುಳಿಯಿಲ್ಲ, ಸಿಹಿಯಿಲ್ಲ, ನಾಲಿಗೆ ಅಂಗುಳಕ್ಕೆ ಹತ್ತಿಕೊಂಡು ಬಿಡಲೊಲ್ಲದು. ಗ್ರೀಕರ ರುಚಿಯೇ ಇಷ್ಟಿರಬೇಕು ಎಂದುಕೊಂಡ. ಆದರೂ ಕುರ್ಚಿಯ ಆಸೆ ಬಿಡಬೇಕಲ್ಲ! ಅರ್ಧ ಬಟ್ಟಲು ಇಳಿಸಿದ.

"ಆಹಾ, ಪ್ರೋಟೀನ್ ಅಂದ್ರೆ ಪ್ರೋಟೀನ್! ಮೈಯೆಲ್ಲ ಬಿಗಿದು ನಿಂತ ಹಾಗಿದೆ," ಎಂದ.

ಅಷ್ಟರಲ್ಲಿ ಹರಿದ ಹಾಳೆಯೊಂದನ್ನು ಅಂಟಿಸಲು ಬಂದ ಸೂಜಿಯಮ್ಮ ಇನ್ನೊಂದು ಬಟ್ಟಲಿಗೆ ಬೆರಳದ್ದಿ ಮೂಸಿದಳು. "ಅಂಟು ಹುಳಿ ಬಂದಿದೆಯಲ್ಲೋ ಮೋಡಣ್ಣ!"

ಮೋಡಣ್ಣ ಆ ಬಟ್ಟಲನ್ನು ನೋಡಿದ. ತನ್ನ ಬಟ್ಟಲನ್ನು ನೋಡಿದ. ಬೆಳ್ಳನೆಯ ದೇಶ ಕಾಲಡಿಯಿಂದ ಕುಸಿಯಿತು.

"ಅಯ್ಯೋ ಶಿವನೇ! ಅಂಟು ತಿಂದ್ಬಿಟ್ಟಾ?" ಸೂಜಿಯಮ್ಮ ಬಾಯಿ ಬಡಿದುಕೊಂಡಳು.

"ಬಾಯಿ ಮುಚ್ಬೇಡ, ಅಂಟ್ಕೊಂಡ್ರೆ ಮತ್ತೆ ತೆರೆಯಲ್ಲ! ಹಾಗೇ ಆ ಅಂತಿರು!" ಕಟಿಂಗ್ ಮಾವ ಗದರಿದ. ಕುರ್ಚಿಯ ಮೇಲೆ ಅವನಿಗೂ ಕಣ್ಣಿದ್ದದ್ದರಿಂದ ದನಿಯಲ್ಲಿ ಒಂದಿಷ್ಟು ಹುರುಪೂ ಇತ್ತು.

"ಬರೀ ಮೈದಾ, ನೀರು. ನಾನೇ ಕಾಯಿಸಿದ್ದು. ಹೊಟ್ಟೆಗೇನೂ ಆಗಲ್ಲ ಬಿಡು," ಎಂದು ಸೂಜಿಯಮ್ಮ ಸಮಾಧಾನ ಹೇಳಿದಳಾದರೂ ಕೈಯಲ್ಲಿ ಆಗಲೇ ಫೋನ್ ಇತ್ತು. "ಅಕ್ಕಾ, ನಿಮ್ಮ ತಮ್ಮ ಅಂಟು ತಿಂದು ಮೊಸರು ಹಚ್ಚಿದ್ದಾನೆ, ಬೇಗ ಬನ್ನಿ!"

ಅಕ್ಕ ಏದುಸಿರು ಬಿಡುತ್ತ ಬಂದಳು. ತಮ್ಮ ಬದುಕಿರುವುದನ್ನು ಖಾತ್ರಿ ಮಾಡಿಕೊಂಡು ಅವನ ತಲೆಗೊಂದು ಮೊಟಕಿದಳು. ಆ ಹೊತ್ತಿಗೆ ಸರಿಯಾಗಿ ಯಜಮಾನರೂ ಡಾಕ್ಟರಮ್ಮನೂ ಒಳಗೆ ಕಾಲಿಟ್ಟರು. ಯಾರಾದರೂ ತಡೆಯುವ ಮುಂಚೆಯೇ ಡಾಕ್ಟರಮ್ಮ ಪ್ರೆಸ್ಸಿನಿಂದ ಒಂದು ಪುಸ್ತಕ ಎತ್ತಿದರು. ರಟ್ಟು ಅವರ ಕೈಯಲ್ಲೇ ಉಳಿಯಿತು. ಪುಸ್ತಕ ಯಜಮಾನರ ಪಾದದ ಮೇಲೆ ಬಿತ್ತು.

"ತಪ್ಪು ನಂದೇ ಯಜಮಾನ್ರೇ. ಅಂಟು ಅಂತ ಮೊಸರು ಹಚ್ಬಿಟ್ಟೆ," ಎಂದ ಮೋಡಣ್ಣ. ಅವನಿಗೆ ಅಳು ಒತ್ತಿ ಬರುತ್ತಿತ್ತು. ಕುರ್ಚಿ ಕೈತಪ್ಪಿತೆಂದು ಅವನಿಗೆ ಖಚಿತವಾಗಿತ್ತು.

ಡಾಕ್ಟರಮ್ಮ ರಟ್ಟನ್ನು ಬೆರಳಿನಿಂದ ಸವರಿ, ಮೂಸಿ, ನಾಲಿಗೆಗೆ ಮುಟ್ಟಿಸಿಕೊಂಡರು. ಅವರ ಮುಖ ಅರಳಿತು. "ಎಷ್ಟು ಗಟ್ಟಿ! ಹಾಳೆ ಒಂಚೂರೂ ಒದ್ದೆಯಾಗಿಲ್ಲ. ಮಾಮೂಲಿ ಮೊಸರಾಗಿದ್ರೆ ನನ್ನ ಪುಸ್ತಕ ತೊಯ್ದು ತೊಪ್ಪೆಯಾಗ್ತಿತ್ತು. ಯಾರು ಮಾಡಿದ್ದಿದು?"

"ನಾನೇ. ಅದೆಲ್ಲ ಆಮೇಲೆ," ಎಂದಳು ಅಕ್ಕ, ಸೆರಗು ಸಿಕ್ಕಿಸಿಕೊಳ್ಳುತ್ತ. "ಸಂಜೆಗೆ ಪುಸ್ತಕ ಬೇಕೋ ಬೇಡ್ವೋ? ಸೂಜಿಯಮ್ಮ, ನೀನು ಒರೆಸು. ಮಾವ, ನೀವು ರಟ್ಟು ಬಿಚ್ಚಿ. ತಮ್ಮಾ, ಈ ಸಲ ಬಟ್ಟಲು ನೋಡ್ಕೊಂಡು ಹಚ್ಚು. ನೀವ್ಯಾಕೆ ಸುಮ್ನೆ ನಿಂತಿದ್ದೀರಿ? ಹಿಡೀರಿ ಈ ಬಟ್ಟೆ!"

ಬಟ್ಟೆ ಹಿಡಿದವರು ಯಜಮಾನರು. ಅವರು ಅಂಗಿಯ ತೋಳು ಮಡಚಿಕೊಂಡು ಒರೆಸಿದರು. ಹೊತ್ತು ಇಳಿಯುವಷ್ಟರಲ್ಲಿ ಪುಸ್ತಕಗಳೆಲ್ಲ ಭದ್ರವಾಗಿ ಕೂತು, ಡಾಕ್ಟರಮ್ಮನ ಕಾರು ಏರಿ ಹೊರಟುಹೋದವು.

ಯಜಮಾನರು ಕೈ ಒರೆಸಿಕೊಂಡು ಕುರ್ಚಿಯ ಕಡೆ ತಿರುಗಿದರು. "ನೋಡಪ್ಪ ಮೋಡಣ್ಣ, ಎಲ್ಲ ನೋಡಿ ತೀರ್ಮಾನ ಮಾಡಿದ್ದೀನಿ. ಈ ಕುರ್ಚಿ ನಿಮ್ಮ ಮನೆಗೇ ಸೇರ್ಬೇಕು."

ಕಟಿಂಗ್ ಮಾವನ ಮುಖ ಜೋತುಬಿತ್ತು. ಮೋಡಣ್ಣನಿಗೆ ಕಾಲು ನೆಲದ ಮೇಲಿರಲಿಲ್ಲ. ಅಂಗಿಯ ಹಿಟ್ಟು ಕೊಡವಿಕೊಂಡು, ಗಂಟಲು ಸರಿಮಾಡಿಕೊಂಡು, ಕುರ್ಚಿಯ ಕೈ ಮೇಲೆ ಕೈಯೂ ಇಟ್ಟ.

"ಅಕ್ಕಾ, ಇವತ್ತಿಂದ ನೀವೇ ಮೇಸ್ತ್ರಿ. ಕೂತ್ಕೊಳ್ಳಿ," ಎಂದರು ಯಜಮಾನರು.

ಮೋಡಣ್ಣ ಕೈ ತೆಗೆದ. ಮನೆಯಲ್ಲಿ ಇರುವವಳೇ ಇನ್ನು ಇಲ್ಲೂ! ಹಗಲಿನಲ್ಲಿ ರೆಪ್ಪೆ ಕೆಳಗಿಳಿಸುವ ಮಾತೇ ಇಲ್ಲ ಎಂದುಕೊಂಡ. ಯಜಮಾನರು ಬಾಗಿಲು ದಾಟಿ ಹೋದರು. ಅಕ್ಕ ಗತ್ತಿನಿಂದ ಕೂತಳು. ಇಳಿಬಿಸಿಲು ಅವಳ ಮಡಿಲಿಗೆ ಬಿತ್ತು. ಅವಳು ಕಿಟಕಿಯಾಚೆ ನೋಡಿದಳು.

"ತಮ್ಮಾ, ಆ ಮೋಡ ನೋಡೋ... ಹಡಗಿನ ಥರ... ಹೇಗೆ ಹೋಗ್ತಿದೆ..."

ಮಾತು ಅಲ್ಲಿಗೇ ತೆಳುವಾಯಿತು. ಮೋಡಣ್ಣ ಬಗ್ಗಿ ನೋಡಿದ. ತುಟಿಯಲ್ಲಿ ನಗು, ಕತ್ತು ಒಂದು ಕಡೆಗೆ ವಾಲಿದೆ, ಸಣ್ಣಗೆ ಗೊರಕೆ. ವರ್ಷಗಳಿಂದ ದಿನಾ ತಪ್ಪದೆ ಗ್ರೀಕ್ ಮೊಸರು ತಿನ್ನುವ ಅಕ್ಕ!

ಹೊರಗೆ ಯಜಮಾನರ ಚಪ್ಪಲಿ ಮತ್ತೆ ಇತ್ತಲೇ ತಿರುಗಿದ ಸದ್ದು. ಮೋಡಣ್ಣ ಒಂದು ದೊಡ್ಡ ರಟ್ಟನ್ನು ಎಳೆದು ಅಕ್ಕನ ಮುಖಕ್ಕೆ ಅಡ್ಡ ಹಿಡಿದ. "ಹ್ಞೂಂ ಅಕ್ಕ, ನೀನು ಹೇಳಿದ ಹಾಗೇ ಮಾಡ್ತೀನಿ!" ಎಂದು ಜೋರಾಗಿ ಕೂಗಿದ.

"ಏನಂತೆ?" ಯಜಮಾನರು ಇಣುಕಿದರು.

"ಯೋಚನೆ ಮಾಡ್ತಿದ್ದಾರೆ. ಮಾತಾಡಿಸ್ಬೇಡಿ ಅಂದ್ರು."

ಯಜಮಾನರು ತುದಿಗಾಲಲ್ಲಿ ಹಿಂದೆ ಸರಿದರು, ಆದರೆ ಹೋಗಲಿಲ್ಲ, ಹೊಸಿಲಲ್ಲೇ ನಿಂತರು. ಮೋಡಣ್ಣ ತೋಳು ನೋಯುತ್ತಿದ್ದರೂ ರಟ್ಟು ಇಳಿಸದೆ, ಹುಟ್ಟಿದಾಗಿನಿಂದ ಎಂದೂ ಇಲ್ಲದಷ್ಟು ಎಚ್ಚರವಾಗಿ, ಕಣ್ಣು ಮಿಟುಕಿಸಲೂ ಹೆದರಿ ನಿಂತುಕೊಂಡ.