ಜೇಬಿಲ್ಲದ ಪೈಜಾಮ, ಮಿಲಿಟರಿ ರೇಡಿಯೊ

ಹೆಂಡತಿ: ಪ್ಲಗ್ಗಿಗೆ ಕೈ ಹಾಕಿದ್ರೆ ನೋಡಿ ಮತ್ತೆ!

ಗಂಡ: ಹನ್ನೊಂದಕ್ಕೆ ಗುಂಡ ಕರೀತಾನೆ ಕಣೇ. ನಾನು ಮಾತಾಡದಿದ್ರೆ ಮಾನ ಹೋಗುತ್ತೆ.

ಹೆಂಡತಿ: ಮಾನ ಹೋದ್ರೆ ಹೇಗೋ ನಿಭಾಯಿಸ್ಬಹುದು. ಪ್ರಾಣ ಹೋದ್ರೆ ಈ ಪೆಟ್ಟಿಗೇನ ಊಟದ ಮೇಜಿಂದ ಇಳಿಸೋರು ಯಾರು? ನನ್ನ ಕೈಲಂತೂ ಎತ್ತೋಕಾಗಲ್ಲ.

ವಾರದಿಂದ ಮೇಜಿನ ಮೇಲೆ ಠಿಕಾಣಿ ಹೂಡಿದ್ದ ಆ ಪೆಟ್ಟಿಗೆ ಹಸಿರು ಬಣ್ಣದ ಹಳೇ ಮಿಲಿಟರಿ ರೇಡಿಯೊ. ಗಂಡ ಸೇನೆಯಲ್ಲಿದ್ದಾಗ ಇಂಥದ್ದೇ ಒಂದನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದವರು. ಅಂದಿನ ಜೊತೆಗಾರ ಗುಂಡನ ಮನೆಯಲ್ಲೂ ಇದರ ತದ್ರೂಪಿ ಒಂದಿದೆ. ಹನ್ನೊಂದಕ್ಕೆ ಸರಿಯಾಗಿ ತನ್ನ ಸೆಟ್ಟಿನಲ್ಲಿ ತಾನೇ ಮಾತಾಡದವನು ಮೀಸೆ ಬೋಳಿಸಬೇಕು ಎಂದು ಇಬ್ಬರೂ ಫೋನಿನಲ್ಲಿ ಪಂಥ ಕಟ್ಟಿದ್ದರು. ಫೋನಿನಲ್ಲಿ ಇಷ್ಟು ಚೆನ್ನಾಗಿ ಮಾತು ಕೇಳಿಸುವಾಗ ರೇಡಿಯೊ ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ ಎರಡು ದಿನ ಮನೆಯಲ್ಲಿ ಮಾತೇ ಇರಲಿಲ್ಲ.

ಗಂಡ: ಎಲ್ಲಾ ಸರಿ ಮಾಡಿದೀನಿ. ಸೋರ್ತಿದ್ದ ಹಳೇ ಕೆಪಾಸಿಟರ್ ಒಂದೂ ಬಿಡದೆ ಬದಲಾಯಿಸಿದೀನಿ.

ಹೆಂಡತಿ: ಹಳೇದರ ಮೇಲೆ ಬರೆದಿದ್ದಷ್ಟೇ ವೋಲ್ಟಿಂದು ತಾನೇ?

ಗಂಡ: ಅದಕ್ಕಿಂತ ಸ್ವಲ್ಪ ಜಾಸ್ತೀದೇ. ಜಾಸ್ತಿ ಇದ್ರೆ ತಡ್ಕೊಳುತ್ತೆ, ಕಮ್ಮಿ ಇದ್ರೆ ಸಿಡಿಯುತ್ತೆ.

ಹೆಂಡತಿ: ಫ್ಯೂಸು?

ಗಂಡ: ಅದೂ ಇದೆ.

ಹೆಂಡತಿ: ಫ್ರಿಜ್ಜಲ್ಲಿದ್ದ ಚಾಕೊಲೇಟಿನ ಬೆಳ್ಳಿ ಕಾಗದ ಎಲ್ಲಿ?

ಗಂಡ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ಕಂಡವರಂತೆ ನೋಡತೊಡಗಿದರು.

ಹೆಂಡತಿ: ಫ್ಯೂಸಿನ ಜಾಗದಿಂದ ತೆಗೀರಿ ಅದನ್ನ. ದೇಶ ಕಾಯ್ದೋರು ಚಾಕೊಲೇಟ್ ಕಾಗದ ನಂಬ್ಕೊಂಡು ಕೂತಿದಾರೆ!

ಗಂಡ: ಅಸಲಿ ಫ್ಯೂಸು ಇದೆ ಕಣೇ. ಮೇಲಿನ ಡಬ್ಬದಲ್ಲಿದೆ, ಇಳಿಸೋಕೆ ಬೇಜಾರಾಯ್ತು.

ಡಬ್ಬ ಇಳಿಯಿತು, ಸರಿಯಾದ ಫ್ಯೂಸು ಕೂತಿತು. ಹೆಂಡತಿಯ ಎದೆ ಮಾತ್ರ ತಣ್ಣಗಾಗಲಿಲ್ಲ. ಕಳೆದ ವಾರ ಇದೇ ಪೆಟ್ಟಿಗೆ ಶಾಕ್ ಹೊಡೆದು ಗಂಡನನ್ನು ಬೀರುವಿನ ತನಕ ಎಸೆದಿತ್ತು. ಅವಳು ಓಡಿ ಬಂದಾಗ ನೆಲದ ಮೇಲೆ ಕೂತು ನಗುತ್ತಿದ್ದರು, ಮುಖ ಸುಣ್ಣದಂತೆ ಬಿಳಿಚಿತ್ತು. ಆ ಮುಖ ಈಗಲೂ ಅವಳ ಕಣ್ಣ ಮುಂದೆ ಬರುತ್ತದೆ. ಬಂದಾಗಲೆಲ್ಲ ಹೆದರಿಕೆಯಾಗುತ್ತದೆ, ಹೆದರಿಕೆಯಾದಾಗಲೆಲ್ಲ ಬೈಯುತ್ತಾಳೆ.

ಹೆಂಡತಿ: ಅವತ್ತು ಪ್ಲಗ್ ಕಿತ್ತಿದ್ರಲ್ಲ, ಆದ್ರೂ ಹೊಡೀತಲ್ಲ?

ಗಂಡ: ಕೆಪಾಸಿಟರ್ ಒಳಗೆ ಕರೆಂಟ್ ಉಳ್ಕೊಂಡಿರುತ್ತೆ ಕಣೇ. ಮೊದಲು ರೆಸಿಸ್ಟರ್ ಇಟ್ಟು ಅದನ್ನ ಇಳಿಸಿ, ಮೀಟರ್ ಇಟ್ಟು ನೋಡಿ, ಆಮೇಲೇ ಕೈ ಹಾಕ್ಬೇಕು. ಮರೆತುಬಿಟ್ಟೆ.

ಹೆಂಡತಿ: ಥೇಟ್ ನಿಮ್ಮಕ್ಕನ ಥರ. ಜಗಳ ಮುಗಿದು ಎಲ್ಲರೂ ಎದ್ದು ಹೋದ್ಮೇಲೂ ಒಳಗೆ ಇಟ್ಕೊಂಡಿರ್ತಾರೆ.

ಗಂಡ: ನಮ್ಮಕ್ಕನ್ನ ಯಾಕೆ ಎಳೀತೀಯ? ಈಗ ಒಳಗಿನ ಒಂದೇ ಒಂದು ತಿರುಪು ಬಾಕಿ. ಅದನ್ನ ಕರೆಂಟ್ ಇರುವಾಗಲೇ ಹಿಡಿದು ತಿರುಗಿಸ್ತಾ ಇರ್ಬೇಕು, ಇಲ್ಲಾಂದ್ರೆ ದನಿ ಜಾರುತ್ತೆ. ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಇದೆ.

ಹೆಂಡತಿ: ಇನ್ನೊಂದು ಕೈ?

ಗಂಡ: ಜೇಬಲ್ಲಿ. ಅದು ನಮ್ಮ ನಿಯಮ. ಎರಡೂ ಕೈ ಒಳಗಿದ್ರೆ ಕರೆಂಟು ಈ ಕೈಯಿಂದ ಆ ಕೈಗೆ ಹೃದಯದ ಮೇಲೇ ಹಾಯ್ದು ಹೋಗುತ್ತೆ.

ಹೆಂಡತಿ: ಯಾವ ಜೇಬಲ್ಲಿ?

ಗಂಡ ಪೈಜಾಮದ ಎಡಗಡೆ ತಡಕಿದರು, ಬಲಗಡೆ ತಡಕಿದರು. ಹಿಂದೆಯೂ ಒಮ್ಮೆ ನೋಡಿದರು.

ಗಂಡ: ಪ್ಯಾಂಟ್ ಎಲ್ಲೇ?

ಹೆಂಡತಿ: ಒಗೆದು ಹಾಕಿದೀನಿ. ಎಲ್ಲಾನೂ. ನೀರು ತೊಟ್ಟಿಕ್ತಿದೆ. ಒದ್ದೇದನ್ನ ಹಾಕ್ಕೊಂಡು ಕರೆಂಟ್ ಮುಟ್ತೀರಾ?

ಗಂಡ: ಹೋಗ್ಲಿ, ನನ್ನ ಎಡಗೈನ ನೀನು ಗಟ್ಟಿಯಾಗಿ ಹಿಡ್ಕೋ... ಅಯ್ಯೋ, ಬೇಡ. ನನಗೆ ಹೊಡೆದ್ರೆ ನಿನಗೂ ಹೊಡಿಯುತ್ತೆ.

ಹೆಂಡತಿ: ಈ ಮಾತನ್ನ ಮದುವೆ ದಿನ ಹೇಳ್ಬೇಕಿತ್ತು.

ಹೇಳಿ ಒಳಗೆ ಹೋದವಳು ತನ್ನ ಅಡುಗೆಯ ಏಪ್ರನ್ ತಂದಳು. ತುಂಬಾ ಗುಲಾಬಿ ಹೂಗಳು, ಹೊಟ್ಟೆಯ ಮೇಲೆ ದೊಡ್ಡದೊಂದು ಜೇಬು.

ಗಂಡ: ಸತ್ರೂ ಹಾಕ್ಕೊಳಲ್ಲ.

ಹೆಂಡತಿ: ಹಾಕ್ಕೊಳದಿದ್ರೆ ಅದೇ ಆಗೋದು. ಇಲ್ಲಾ, ಮೀಸೆಗೆ ಸೋಪು ಹಚ್ಕೊಳಿ.

ಗಂಡ ಮೀಸೆ ನೇವರಿಸಿದರು, ಗಡಿಯಾರ ನೋಡಿದರು, ಏಪ್ರನ್ ತೊಟ್ಟರು. ಎಡಗೈ ಹೂವಿನ ಜೇಬಿಗೆ ಇಳಿಯಿತು. ಪ್ಲಗ್ ಹಾಕಿದವಳು ಹೆಂಡತಿಯೇ. ಪೆಟ್ಟಿಗೆ ಗೊರ ಗೊರ ಎಂದು ಎಚ್ಚರಗೊಂಡಿತು. ಆಗ ಅವರಿಗೆ ಹೊಳೆಯಿತು, ಬಲಗೈ ತಿರುಪಿನ ಮೇಲಿದೆ, ಎಡಗೈ ಜೇಬಿನಲ್ಲಿದೆ, ಮೈಕಿನ ಗುಂಡಿ ಒತ್ತಲು ಮೂರನೆಯದನ್ನು ದೇವರು ಕೊಟ್ಟಿಲ್ಲ.

ಹೆಂಡತಿ: ಕೊಡಿ ಇಲ್ಲಿ ಮೈಕು. ಜೇಬಿಂದ ಕೈ ತೆಗೆದ್ರೆ ಪ್ಲಗ್ ಕೀಳ್ತೀನಿ.

ಗಂಡ: ಆಯ್ತು ಮಾರಾಯ್ತಿ. ಒತ್ಕೊಂಡು ಮಾತಾಡು. ಮುಗಿದ್ಮೇಲೆ ಓವರ್ ಅಂತ ಹೇಳಿ ಗುಂಡಿ ಬಿಡು. ಬಿಟ್ಮೇಲೆ ಇನ್ನೊಬ್ಬರು ಹೇಳೋದನ್ನ ಬಾಯಿ ಮುಚ್ಕೊಂಡು ಕೇಳ್ಬೇಕು.

ಹೆಂಡತಿ: ಹೌದಾ? ಇಂಥದ್ದೊಂದು ನಿಯಮ ಗೊತ್ತಿದ್ದೂ ಇಷ್ಟು ವರ್ಷ ಮನೇಲಿ ಮುಚ್ಚಿಟ್ಟಿದ್ರಾ?

ಹನ್ನೊಂದು ಹೊಡೆಯಿತು. ಹೆಂಡತಿ ಗುಂಡಿ ಒತ್ತಿದಳು.

ಹೆಂಡತಿ: ಹಲೋ, ಗುಂಡಣ್ಣಾವ್ರೇ, ಕೇಳಿಸ್ತಿದ್ಯಾ? ನಮ್ಮನೆಯವರು ಇಲ್ಲೇ ಪಕ್ಕದಲ್ಲಿದಾರೆ. ಓವರ್.

ಗೊರಗೊರದ ನಡುವಿನಿಂದ ಒಂದು ದನಿ ಎದ್ದು ಬಂತು. ಹೆಂಗಸಿನ ದನಿ.

ರೇಡಿಯೊ: ಕೇಳಿಸ್ತಿದೆ ಅಕ್ಕಾ! ನಮ್ಮೋರೂ ಇಲ್ಲೇ ಇದಾರೆ. ಒಂದು ಕೈ ಪೆಟ್ಟಿಗೇಲಿದೆ, ಇನ್ನೊಂದು ಜೇಬಲ್ಲಿದೆ. ಆಚೆ ತೆಗೆಯೋಕೆ ನಾನು ಬಿಟ್ಟಿಲ್ಲ. ಓವರ್.

ಗಂಡ: ಗುಂಡ ಮಾತಾಡ್ಲಿಲ್ಲ! ಸೋತ! ಮೀಸೆ ಹೋಯ್ತು ಅವನದು!

ಕುಣಿಯಲು ಹೊರಟವರು ಹೆಂಡತಿಯ ಮುಖ ನೋಡಿ ನಿಂತರು. ತಾನೂ ಮಾತಾಡಿಲ್ಲವೆಂಬುದು ನಿಧಾನವಾಗಿ ತಲೆಗಿಳಿಯಿತು. ಗಂಡ ಜೀವಂತವಾಗಿ, ಹೂವಿನ ಏಪ್ರನ್ನಿನಲ್ಲಿ, ಎದುರಿಗೇ ನಿಂತಿದ್ದರು. ಹೆಂಡತಿಗೆ ವಾರದಲ್ಲಿ ಮೊದಲ ಸಲ ಹಾಯೆನಿಸಿತು. ಅವಳು ಗುಂಡಿ ಒತ್ತಿದಳು.

ಹೆಂಡತಿ: ನೀರು ಕಾಯೋಕಿಡಮ್ಮ. ಇಲ್ಲೊಂದು ಮೀಸೆ, ಅಲ್ಲೊಂದು. ಓವರ್.