ಎದೆ ಅಳೆದ ಭಾನುವಾರ

ಮನುಷ್ಯನಿಗೆ ತನ್ನ ಎದೆಯ ಮೇಲಿರುವಷ್ಟು ನಂಬಿಕೆ ಬೇರಾವ ಅಂಗದ ಮೇಲೂ ಇಲ್ಲ. ಸುಳ್ಳು ಹೇಳುವಾಗಲೂ ಎದೆ ಮುಟ್ಟಿಕೊಂಡೇ ಹೇಳುತ್ತೇವೆ. ಆ ಎದೆಯೊಳಗೆ ಏನಿದೆ ಎಂದು ಯಾರಾದರೂ ಕೇಳಿದ್ದರೆ, ಮಳವಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನು ಧೈರ್ಯ ಎಂದುಬಿಡುತ್ತಿದ್ದೆ. ಅದೂ ಅಷ್ಟಕ್ಕಷ್ಟೇ ಎಂದು ಗೊತ್ತಾದದ್ದು ಮಗಳು ನರ್ಸಿಂಗ್ ಸೇರಿದ ಮೇಲೆ.

ಮಂಡ್ಯದ ಹಾಸ್ಟೆಲಿನಲ್ಲಿರುವ ಮಗಳು ಸಿಂಚನ ಆ ಭಾನುವಾರ ಮನೆಗೆ ಬಂದವಳೇ ನನ್ನ ಅಂಗಿ ಬಿಚ್ಚಿಸಿ ಸ್ಟೂಲಿನ ಮೇಲೆ ಕೂರಿಸಿದಳು. ಎದೆ ಮತ್ತು ಶ್ವಾಸಕೋಶ ಪರೀಕ್ಷಿಸಿ ತೋರಿಸುವ ಪ್ರಾಕ್ಟಿಕಲ್ ಹತ್ತಿರ ಬಂದಿತ್ತು. ಮೊದಲು ನೋಡಬೇಕು, ಆಮೇಲೆ ಮುಟ್ಟಬೇಕು, ಬೆರಳಿನಿಂದ ತಟ್ಟಬೇಕು, ಕೊನೆಗೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು. ಕ್ರಮ ತಪ್ಪಿದರೆ ಮಾರ್ಕ್ಸ್ ಹೋಯಿತು. ನೋಡುವಾಗಲೇ ಆಕ್ಷೇಪಣೆ ಬಂತು. ಉಸಿರು ಎಳೆದುಕೊಳ್ಳಿ ಎಂದರೆ ನಾನು ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಿದ್ದೆನಂತೆ. ಯಾರಾದರೂ ನೋಡುತ್ತಿದ್ದರೆ ನನ್ನ ಹೊಟ್ಟೆ ತಾನಾಗಿಯೇ ಒಳಗೆ ಹೋಗುತ್ತದೆ, ಫೋಟೋದವರು ಬಲ್ಲರು. ಇನ್ನು ಪಕ್ಕೆಲುಬು ಎಣಿಸಲು ಹೋದವಳಿಗೆ ಎರಡನೆಯದರ ಆಚೆ ದಾರಿಯೇ ಸಿಗಲಿಲ್ಲ. ಮದುವೆಯ ದಿನ ಚಪ್ಪರದ ಆಚೆ ನಿಂತವರೂ ಅವನ್ನು ಎಣಿಸಬಹುದಿತ್ತು, ಈಗ ಮುದ್ದೆ ಮುಚ್ಚಿಹಾಕಿದೆ ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಸಾಕ್ಷಿ ಹೇಳಿದಳು. ಈ ಎದೆಯಿಂದ ಪ್ರಯೋಜನವಿಲ್ಲ ಎಂದು ಮಗಳು ನನ್ನವ್ವನ ಕಡೆ ತಿರುಗಿದಳು.

ಅವ್ವ ಸಂಕ್ರಾಂತಿಯಿಂದ ಕೆಮ್ಮುತ್ತಿದ್ದಳು. ಬಚ್ಚಲಿಗೆ ಹೋಗಿಬಂದರೂ ಏದುಸಿರು. ಆಸ್ಪತ್ರೆ ಎಂದರೆ ಸಾಕು, “ನಂಗೇನಾಗದೆ ಬುಡ್ಲಾ” ಎನ್ನುವಳು. ಬೇಕಾದರೆ ಮುತ್ತತ್ತಿಗೆ ಕರೆದುಕೊಂಡು ಹೋಗು, ಆಂಜನೇಯ ನೋಡಿಕೊಳ್ಳುತ್ತಾನೆ ಎನ್ನುವಳು. ಬೇಡಿದ್ದೆ, ರೇಗಿದ್ದೆ. ಅವಳು ಕೆಮ್ಮಿದಾಗಲೆಲ್ಲ ನನಗೆ ನಿಜವಾಗಿ ಹೆದರಿಕೆಯಾಗುತ್ತಿತ್ತು. ಅಂಥವಳು ಮೊಮ್ಮಗಳ ಪರೀಕ್ಷೆಗೆ ಬೆನ್ನು ಕೊಡಲು ತಕರಾರೇ ಮಾಡಲಿಲ್ಲ. ನಾನು ಬಾಗಿಲ ಕಡೆ ಮುಖ ಮಾಡಿ ಕೂತೆ.

ಸಿಂಚನ ಬೆನ್ನಿಗೆ ಅಂಗೈಗಳನ್ನಿಟ್ಟು, ಒಂದು, ಒಂದು ಎನ್ನುತ್ತಿರಬೇಕು ಎಂದಳು. ಮಾತಿನ ಅದುರು ಅಂಗೈಗೆ ತಾಗಬೇಕಂತೆ. ಅವ್ವ “ಲಾಭ” ಎಂದಳು. ಕಣದಲ್ಲಿ ರಾಗಿ ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಗಣಿತದ ಮೇಷ್ಟರಿಗೆ ತಡೆಯಲಾಗುತ್ತದೆಯೇ? ಸುಮ್ಮನೆ ಒಂದು ಅನ್ನವ್ವ, ಇದು ಕಣವಲ್ಲ ಎಂದೆ.

“ಅಳೆಯೋವಾಗ ಒಂದು ಅಂದ್ರೆ ಒಂದೇ ಆಗೋಯ್ತದೆ ಕಣ್ಲಾ. ಮೊಗ ನನ್ನ ಉಸ್ರು ಅಳೀತಾ ಅವಳೆ, ನಾನ್ಯಾಕೆ ಕಮ್ಮಿ ಮಾಡ್ಕಳ್ಳಿ?”

ಲಾಭವೇ ಆಗಲಿ ಎಂದು ಮಗಳು ಒಪ್ಪಿದಳು. ಅವ್ವ ಲಾಭ, ಲಾಭ ಎನ್ನುತ್ತಾ ಹೋದಳು. ಆಮೇಲೆ ತಟ್ಟುವ ಸದ್ದು. ಎಡಗಡೆ ಬರಿದಾದ ಕೊಳಗ ತಟ್ಟಿದ ಹಾಗೆ ಟೊಳ್ಳು ಸದ್ದು ಬರುತ್ತಿತ್ತು. ಬಲಗಡೆ ಕೆಳಗೆ ಬಂದಾಗ ತುಂಬಿದ ಕೊಳಗದ ಹಾಗೆ ದಪ್ಪ ಸದ್ದು. ಮಗಳು ಮತ್ತೆ ತಟ್ಟಿದಳು. ಅಲ್ಲಿ ಅಂಗೈಗೂ ಅದುರು ಸಿಕ್ಕಿರಲಿಲ್ಲವಂತೆ.

ಆಸ್ಪತ್ರೆಗೆ ನಡಿ ಎಂದಿದ್ದರೆ ಅವ್ವ ಏಳುತ್ತಿರಲಿಲ್ಲ. ಮಗಳು ಅವಳ ಮುಂದೆ ಕೂತು ಮೆಲ್ಲಗೆ ಹೇಳಿದಳು: “ಅಜ್ಜಿ, ನಾನಿನ್ನೂ ಕಲೀತಿದ್ದೀನಿ. ನಾನು ಹೇಳೋದು ಸರಿಯೋ ತಪ್ಪೋ ಅಂತ ಡಾಕ್ಟ್ರು ನಿಮ್ಮ ಬೆನ್ನು ನೋಡೇ ಹೇಳ್ಬೇಕು.”

ಮೊಮ್ಮಗಳ ಉತ್ತರ ತಿದ್ದಿಸುವುದಕ್ಕೆಂದು ಅವ್ವ ಮರುದಿನ ಹೊಸ ಸೀರೆ ಉಟ್ಟು ಮಂಡ್ಯದ ಬಸ್ಸು ಹತ್ತಿದಳು. ಎಕ್ಸ್‌ರೇಯಲ್ಲಿ ಬಲಗಡೆ ನೀರು ತುಂಬಿತ್ತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ನೀರು ತೆಗೆದರು, ಕ್ಷಯ ಎಂದು ಮಾತ್ರೆ ಕೊಟ್ಟರು. ತಿಂಗಳು ಕಳೆಯುವುದರಲ್ಲಿ ಅವ್ವನ ಉಸಿರು ಹಗುರಾಯಿತು. ನನ್ನನ್ನು ಬೈಯುವಾಗ ನಡುವೆ ನಿಲ್ಲಿಸಬೇಕಾಗುತ್ತಿರಲಿಲ್ಲ. ಆ ಬೈಗುಳ ಕೇಳಿ ನನಗೆ ಕಣ್ಣು ತುಂಬಿತು.

ಮತ್ತೆ ತೋರಿಸಲು ಹೋದ ದಿನ ಡಾಕ್ಟರು, ಮನೆಯವರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಮೊದಲು ನನ್ನನ್ನೇ ಕೂರಿಸಿದರು. ಬೆನ್ನಿಗೆ ತಣ್ಣನೆಯ ಕೈ ಬಿತ್ತು. ಒಂದು ಅನ್ನಿ ಎಂದರು. ಅವ್ವನ ಎಕ್ಸ್‌ರೇ ಇನ್ನೂ ಮೇಜಿನ ಮೇಲೆಯೇ ಇತ್ತು. ಹೊಟ್ಟೆ ತಾನಾಗಿ ಒಳಗೆ ಹೋಯಿತು. ಮಳವಳ್ಳಿಯ ಮಕ್ಕಳಿಗೆಲ್ಲ ಲೆಕ್ಕ ಕಲಿಸಿದ ನಾನು ಕಣ್ಣು ಮುಚ್ಚಿಕೊಂಡು ಮೆಲ್ಲಗೆ “ಲಾಭ” ಎಂದೆ.

ಬೆಂಚಿನ ಮೇಲಿದ್ದ ಅವ್ವ ನಗಲಿಲ್ಲ. “ಗಟ್ಟಿಯಾಗನ್ನು ಕಣ್ಲಾ” ಎಂದಳು.