ನನ್ನ ಹೆಸರಿನ ಬಾಗಿಲಲ್ಲಿ ನಿಂತ ವಾಕ್ಯ

ಮಾನ್ಯ ಇಂಗ್ಲಿಷ್ ಪಾಠದ ಟ್ಯಾಬ್ಲೆಟ್ ಅವರ ಸನ್ನಿಧಾನಕ್ಕೆ,

ಮಾನ್ಯರೇ, ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆ ಕಡೆಯ ಹಳ್ಳಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಪಂಚಾಯಿತಿಯ ನೀರು ಬಿಡುವ ಕೆಲಸ ಮಾಡಿಕೊಂಡಿರುವ ಹುಚ್ಚಯ್ಯನಾದ ನಾನು, ತಮ್ಮ ಗಾಜಿನ ಮುಖಕ್ಕೂ ಎಂದೂ ಏರದ ತಮ್ಮ ದನಿಗೂ ನಮಸ್ಕಾರ ಸಲ್ಲಿಸಿ, ತಮ್ಮ ಚಾರ್ಜು ಸದಾ ನೂರಕ್ಕೆ ನೂರಿರಲೆಂದು ಹಾರೈಸಿ, ಊರಿನ ಹತ್ತು ಜನ ಓದಲೆಂದು ಪಂಚಾಯಿತಿ ಬೋರ್ಡಿಗೆ ಅಂಟಿಸುತ್ತಿರುವ ಪತ್ರವಿದು. ಎರಡು ತಿಂಗಳ ಕಾಲ ತಾವು ನನ್ನ ಹೆಂಡತಿ ಪುಟ್ಟತಾಯಮ್ಮನ ಬಾಯಿಂದ ಹೊರಡಿಸಲು ಹೆಣಗಿದ ಆ ಒಂದು ಪದ ನಾನೇ.

ಕಾಕನಕೋಟೆ ಕಾಡು ನೋಡಲು ಬರುವವರಿಗೆ ರಸ್ತೆ ಬದಿಯಲ್ಲಿ ತಿಂಡಿ ಅಂಗಡಿ ನಡೆಸಲು ನಮ್ಮೂರ ಮಹಿಳಾ ಸಂಘದ ಐದು ಹೆಂಗಸರನ್ನು ಆರಿಸಿದ್ದು ತಮಗೆ ಗೊತ್ತೇ ಇದೆ. ಐವರೂ ತಮ್ಮೆದುರು ಕೂತು ತಂತಮ್ಮ ಪರಿಚಯವನ್ನು ಹತ್ತು ಪೂರ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬಾಯಲ್ಲೇ ಹೇಳಿ ಪಾಸಾಗಬೇಕು, ಒಬ್ಬಳು ತಪ್ಪಿದರೂ ಅಂಗಡಿ ಪಕ್ಕದೂರಿನ ಸಂಘಕ್ಕೆ ಹೋಗುತ್ತದೆ ಎಂಬುದು ನಿಯಮ. ಹದಿನಾಲ್ಕು ವರ್ಷ ಶಾಲೆಯ ಬಿಸಿಯೂಟ ಬೇಯಿಸಿದ ಪುಟ್ಟತಾಯಮ್ಮ, ಮದುವೆಯಾದ ಮೂವತ್ತೊಂದು ವರ್ಷದಲ್ಲಿ ತನಗಾಗಿ ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಈ ಅಂಗಡಿಯೊಂದನ್ನೇ.

ತಾವು ಕಲಿಸಿದ್ದು ಸರಳ. ವಾಕ್ಯವೆಂದರೆ ಅದರಲ್ಲಿ ಯಾರು ಎಂಬುದೂ ಇರಬೇಕು, ಏನು ಎಂಬುದೂ ಇರಬೇಕು, ಒಂದಿಲ್ಲದಿದ್ದರೂ ಅದು ವಾಕ್ಯವಲ್ಲ, ಬರೀ ತುಂಡು, ತಮ್ಮ ಭಾಷೆಯಲ್ಲಿ ಫ್ರಾಗ್ಮೆಂಟ್. ಇದನ್ನು ಕೇಳಿದ ದಿನ ನನಗೆ ದಿಗಿಲಾಯಿತು, ಯಾಕೆಂದರೆ ನಮ್ಮ ಸಂಸಾರ ನಡೆದದ್ದೆಲ್ಲ ತುಂಡುಗಳಲ್ಲೇ. 'ಅನ್ನ', 'ಹೂಂ', 'ದನ', 'ಬಂದೆ', 'ಏನಂದ್ರೆ, ಮೋಟ್ರು' — ಇಷ್ಟರಲ್ಲೇ ಒಬ್ಬ ಮಗಳನ್ನು ಸಾಕಿ, ಓದಿಸಿ, ಪಿರಿಯಾಪಟ್ಟಣಕ್ಕೆ ಕೊಟ್ಟಿದ್ದೇವೆ. ಪೂರ್ಣ ವಾಕ್ಯದಲ್ಲಿ ಮಾತಾಡಿದ್ದರೆ ಇಷ್ಟು ದಿನ ಒಟ್ಟಿಗೆ ಇರುತ್ತಿದ್ದೆವೋ ಇಲ್ಲವೋ ಹೇಳಲಾರೆ.

ಹತ್ತರಲ್ಲಿ ಒಂಬತ್ತು ವಾಕ್ಯವನ್ನು ಆಕೆ ಗುಂಡು ಹೊಡೆದಂತೆ ಹೇಳುತ್ತಿದ್ದಳು. ತನ್ನ ಹೆಸರು, ತನ್ನ ಊರು, ತಾನು ಮಾಡುವ ಅಕ್ಕಿರೊಟ್ಟಿ, ಕೊನೆಗೆ ಶಾಲೆಯ ಉಗ್ರಾಣದ ಬೀಗದ ಕೈ ತನ್ನ ಹತ್ತಿರವೇ ಇದೆ ಎಂಬ ಹೆಮ್ಮೆಯ 'ದಿ ಕೀ ಈಸ್ ವಿತ್ ಮಿ' ಕೂಡ. ಹತ್ತನೆಯದಕ್ಕೆ ಬಂದು, 'ಮೈ ಹಸ್ಬೆಂಡ್ಸ್ ನೇಮ್ ಈಸ್' ಎಂದು, ಸೆರಗು ಸರಿಮಾಡಿಕೊಂಡು, ಸುಮ್ಮನಾಗುತ್ತಿದ್ದಳು. ತಾವು ಜೇನಿನಂಥ ದನಿಯಲ್ಲಿ 'ಫ್ರಾಗ್ಮೆಂಟ್, ಟ್ರೈ ಅಗೇನ್' ಎನ್ನುತ್ತಿದ್ದಿರಿ. ಐವರಲ್ಲೊಬ್ಬಳಾದ, ಕಾಡಂಚಿನ ಹಾಡಿಯ ಕಾಳಿಗೆ ಈ ತಾಪತ್ರಯ ಬರಲಿಲ್ಲ. ಗಂಡ ಬೆಳ್ಳನನ್ನು ದಿನಕ್ಕೆ ಇಪ್ಪತ್ತು ಸಲ ಹೆಸರು ಹಿಡಿದು ಕೂಗುವ ಆಕೆ ಒಂದೇ ಉಸಿರಿಗೆ ಪಾಸಾದಳು. ಉಳಿದ ಮೂವರೂ ಕಣ್ಣು ಮುಚ್ಚಿಕೊಂಡು ಹೇಗೋ ದಾಟಿದರು.

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಪುಟ್ಟತಾಯಮ್ಮನಿಗೆ ಗಾವಡಗೆರೆಯ ಅವಳಜ್ಜಿ ಹೇಳಿಕೊಟ್ಟಿದ್ದಾರೆ. ಮದುವೆಯ ದಿನ ಹೊಸಿಲಲ್ಲಿ ನನ್ನಕ್ಕ ಚಾಮುಂಡಮ್ಮ ಅಡ್ಡ ನಿಂತು, ಗಂಡನ ಹೆಸರು ಹೇಳಿ ಒಳಗೆ ಬಾ ಎಂದಳು. ಮದುಮಗಳು ಸೇರಕ್ಕಿಯ ಮುಂದೆ ತಲೆ ಬಗ್ಗಿಸಿ ನಿಂತದ್ದು ನಿಂತದ್ದೇ. ಆರತಿ ಆರಿತು, ನೆಂಟರು ಊಟಕ್ಕೆ ಹೋದರು, ಕೊನೆಗೆ ನಮ್ಮವ್ವನೇ 'ಬುಡವ್ವ, ಕಾಲು ನೋಯ್ತದೆ ಮಗೀಗೆ, ಒಳೀಕ್ ಬರ್ಲಿ' ಎಂದು ಸೋತರು. ರೇಷನ್ ಅಂಗಡಿ, ಆಸ್ಪತ್ರೆ, ಜನಗಣತಿ, ಎಲ್ಲೇ ಗಂಡನ ಹೆಸರು ಕೇಳಲಿ, ಆಕೆ ಗಲ್ಲ ಎತ್ತಿ ಪಕ್ಕದವರನ್ನು ತೋರಿಸುತ್ತಾಳೆ, ಪಕ್ಕದವರು ಹೇಳುತ್ತಾರೆ. ಈ ಸೀಮೆಯಲ್ಲಿ ಪಕ್ಕದವರಿಲ್ಲದೆ ಕೂತಿರುವುದು ತಾವೊಬ್ಬರೇ.

ತಮಗೆ ನೆರವಾಗಲೆಂದು ಒಂದು ದಿನ ಬಾಗಿಲ ಹಿಂದೆ ನಿಂತು ಆ ಪದವನ್ನು ನಾನೇ ಕೂಗಿದೆ. ಬೇರೆ ದನಿ, ಒಬ್ಬರೇ ಮಾತಾಡಿ ಎಂದು ಗದರಿಸಿದಿರಿ. ತಮ್ಮನ್ನು ಚೀಲದಲ್ಲಿ ಹೊತ್ತು ತರುವ ಸವಿತಾ ಮೇಡಂ, ಯಾವುದಾದರೂ ಹೆಸರು ಹೇಳಿಬಿಡಿ, ಮಿಷನ್ನಿಗೇನು ಗೊತ್ತಾಗುತ್ತದೆ ಎಂದರು. 'ಇನ್ನೊಬ್ಬನ ಎಸ್ರ ಗಂಡ ಅಂತ ಏಳಕ್ಕಾದದಾ ಮೇಡಂ?' ಎಂದು ಪುಟ್ಟತಾಯಮ್ಮ ಕೇಳಿದ ಮೇಲೆ ಅವರು ತಮ್ಮನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ತಮ್ಮ ತಾಳ್ಮೆಯನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮಕ್ಕ ಒಂದು ಗಳಿಗೆಯಲ್ಲಿ ಕೈಬಿಟ್ಟ ಕೆಲಸವನ್ನು ತಾವು ಎರಡು ತಿಂಗಳು ನಡೆಸಿದಿರಿ. ಅತ್ತೆ, ನಾದಿನಿ, ವಾರಗಿತ್ತಿ ಮೂವರನ್ನೂ ಅರೆದು ಒಂದೇ ಗಾಜಿನೊಳಗೆ ತುಂಬಿಸಿದ ಮಹನೀಯರಿಗೆ ನನ್ನ ನಮನ ತಿಳಿಸಿ. ಆದರೂ ಇನ್ನೊಂದೂರಿಗೆ ಹೋಗುವ ಮೊದಲು, ಎತ್ತಿದ ಗಲ್ಲವನ್ನು ಓದುವ ಕಣ್ಣೊಂದನ್ನೂ, ಕೇಳಿದ ಕೂಡಲೇ ಗಂಡನ ಹೆಸರು ಹೇಳಿಬಿಡುವ ಪಕ್ಕದ ಮನೆಯವಳೊಬ್ಬಳನ್ನೂ, ಸಾಧ್ಯವಿದ್ದರೆ ನಮ್ಮವ್ವನಂತೆ ಸೋಲುವ ಬುದ್ಧಿಯನ್ನೂ ತಮ್ಮೊಳಗೆ ಅಳವಡಿಸಿಕೊಳ್ಳಬೇಕೆಂದು ಕೋರುತ್ತೇನೆ.

ಇನ್ನೊಂದು ಮಾತು ಹೇಳದಿದ್ದರೆ ಈ ಪತ್ರವೂ ತುಂಡಾದೀತು. ಬೆಳಗಾದರೆ ನೂರಾ ನಲವತ್ತು ಮನೆಗಳಿಂದ 'ಹುಚ್ಚಯ್ಯಣ್ಣೋ, ನೀರ್ ಬುಡಣ್ಣೋ' ಎಂಬ ಕೂಗು ಬರುತ್ತದೆ. ಬಾರದಿರುವುದು ಒಂದು ಮನೆಯಿಂದ ಮಾತ್ರ. ನಾನೂ ಆಕೆಯನ್ನು 'ಇವಳೇ' ಎಂದೇ ಕರೆದವನಾದ್ದರಿಂದ ದೂರುವ ಹಕ್ಕು ನನಗಿಲ್ಲ. ಆದರೆ ತಾವು ಬಂದು ಕೇಳತೊಡಗಿದ ಮೇಲೆ, ಆಯಸ್ಸು ಒಂದು ವರ್ಷ ಹೋದರೂ ಹೋಗಲಿ, ಒಂದು ಸಲ ಕೇಳಬೇಕು ಅನ್ನಿಸಿಬಿಟ್ಟಿತು. ಕೊನೆಯ ಅವಕಾಶದ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಶಾಲೆಯ ಕಿಟಕಿಯ ಹೊರಗೆ ನಿಂತೆ. ಆ ದಿನ ಊರಿಗೆ ನೀರು ತಡವಾಗಿ ಬಂದದ್ದು ಅದಕ್ಕೇ, ಓದುತ್ತಿರುವವರು ಕ್ಷಮಿಸಬೇಕು.

ಒಂಬತ್ತು ವಾಕ್ಯ ಮುಗಿದವು. 'ಮೈ ಹಸ್ಬೆಂಡ್ಸ್ ನೇಮ್ ಈಸ್' ಎಂದಳು, ನಿಂತಳು. ನಾನು ಕಿಟಕಿಯ ಸರಳಿಗೆ ಕಿವಿ ಕೊಟ್ಟೆ. ಆಮೇಲೆ ಪುಟ್ಟತಾಯಮ್ಮ ಮೆಲ್ಲಗೆ 'ವಿತ್ ಮಿ' ಎಂದಳು. ಅಂದರೆ, ನನ್ನ ಗಂಡನ ಹೆಸರು ನನ್ನ ಹತ್ತಿರವೇ ಇದೆ. ಉಗ್ರಾಣದ ಬೀಗದ ಕೈಗೆ ತಾವೇ ಕಲಿಸಿದ ಮಾತದು. ತಾವು ಹಸಿರು ದೀಪ ಬೆಳಗಿ, ಪೂರ್ಣ ವಾಕ್ಯ ಎಂದಿರಿ, ಅಂಗಡಿ ನಮ್ಮ ಸಂಘಕ್ಕೇ ಸಿಕ್ಕಿತು. ನಾನು ಕಣ್ಣೊರೆಸಿಕೊಂಡು ವಾಲ್ವ್ ತಿರುಗಿಸಲು ಹೋದೆ. ಸಂತೋಷವಾಯಿತು. ಹೆಸರು ಕೇಳಲಿಲ್ಲವಲ್ಲ ಎಂದು ಬೇಜಾರೂ ಆಯಿತು.

ಇಷ್ಟು ದಿನ ತಾವು ಹುಡುಕಿದರೂ ಸಿಗದ,
ತಮ್ಮ ವಿಶ್ವಾಸಿ,
ಹುಚ್ಚಯ್ಯ

ಮರೆತ ಮಾತು: ನಿನ್ನೆ ಬಂದ ತಮ್ಮ ಸರ್ಟಿಫಿಕೇಟಿನಲ್ಲಿ, ಬಿಟ್ಟ ಸ್ಥಳವನ್ನು ತುಂಬದೆ ಬಿಡದ ತಮ್ಮ ಶ್ರದ್ಧೆಯಿಂದಾಗಿ, 'ಪುಟ್ಟತಾಯಮ್ಮ, ಗಂಡನ ಹೆಸರು ವಿತ್ ಮಿ' ಎಂದು ಅಚ್ಚಾಗಿದೆ. ತಿದ್ದಿಸಿಕೊಡುತ್ತೇನೆಂದು ಸವಿತಾ ಮೇಡಂ ಅರ್ಜಿ ಬರೆಸಿಕೊಂಡು ಹೋಗಿದ್ದಾರೆ. ಆ ಅರ್ಜಿಯನ್ನು ತಾವು ಫ್ರಾಗ್ಮೆಂಟ್ ಎಂದು ತಳ್ಳಿಹಾಕಬೇಕಾಗಿ ಪ್ರಾರ್ಥನೆ. ಅದು ನನ್ನ ನಿಜವಾದ ಹೆಸರಲ್ಲ, ಆದ್ದರಿಂದ ಕೂಗಿದರೆ ಆಯಸ್ಸಿಗೆ ಕುತ್ತಿಲ್ಲ ಎಂದು ತೀರ್ಮಾನಿಸಿದ ಪುಟ್ಟತಾಯಮ್ಮ, ಇವತ್ತು ಬೆಳಿಗ್ಗೆ ಹಿತ್ತಲಿನಿಂದ ಊರಿಗೆಲ್ಲ ಕೇಳುವಂತೆ 'ವಿತ್ಮಿಯವ್ರೇ, ರೊಟ್ಟಿ ಆರೋಯ್ತದೆ, ಬನ್ನಿ' ಎಂದು ಕರೆದಳು. ಇನ್ನೊಂದು ಸಲ ಕರೆಯಲಿ ಎಂದು ನಾನು ಕೇಳಿಸದವನಂತೆ ನಿಂತಿದ್ದೆ.